ಶಿಶುವಿನ ಅನ್ನಕ್ಕೆ ಮನೆಯ ಅಡ್ಡಿ ಸಲ್ಲದು

ದೆಹಲಿಯ ಲೋಧಿ ಕಾಲೋನಿಯನ್ನು ಇಂದು ಹೊರಗಿನವರು ಅಲ್ಲಿನ ಗೋಡೆಚಿತ್ರಗಳಿಂದ ಗುರುತಿಸುತ್ತಾರೆ. ಕೇಂದ್ರ ಸರ್ಕಾರದ ನೌಕರಿಯನ್ನು ನಂಬಿ ಊರು ಬಿಟ್ಟ ಕನ್ನಡ ಕುಟುಂಬಗಳಿಗೆ ಅದು ಬೇರೆಯದೇ ಅರ್ಥದ ಸ್ಥಳ. 1940ರ ದಶಕದಲ್ಲಿ ಕಟ್ಟಿದ ಸರ್ಕಾರಿ ವಸತಿಗಳು, ಎತ್ತರದ ಕಮಾನುಗಳು, ಹತ್ತಿರದ ಲೋಧಿ ಎಸ್ಟೇಟಿನಲ್ಲಿ ದೆಹಲಿ ಕನ್ನಡ ಶಾಲೆ. ಅಂತಹ ವಸತಿಯಲ್ಲಿ ನಮ್ಮವರದೊಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮೇ ತಿಂಗಳ ಬಿಸಿಗಾಳಿ. ಮೂರು ವಾರದ ಕೂಸು. ತವರಿಗೆ ಹೋಗಲಾಗದ ಸೊಸೆಯ ಬಾಣಂತನಕ್ಕೆಂದು ಊರಿನಿಂದ ಅತ್ತೆ ಮಾವ ಬಂದಿದ್ದಾರೆ. ಕೂಸು ಅತ್ತಾಗಲೆಲ್ಲ ಒಂದೇ ಮಾತು: "ನಿನ್ನ ಹಾಲು ಸಾಲುತ್ತಿಲ್ಲ, ಪುಡಿಹಾಲು ತರಿಸು." ಮಧ್ಯಾಹ್ನವಾದರೆ, "ಈ ಸೆಖೆಗೆ ಎರಡು ಚಮಚ ನೀರನ್ನಾದರೂ ಕುಡಿಸಬಾರದೆ?" ಸಂಜೆ ಮಾವನವರ ಸಲಹೆ: "ಹೇಗೂ ಆಫೀಸಿಗೆ ಹೋಗುವವಳು, ಈಗಲೇ ಬಾಟಲಿ ರೂಢಿಯಾಗಲಿ." ತಾಯಿ ಎದೆಹಾಲನ್ನೇ ಉಣಿಸುತ್ತೇನೆಂದರೆ ಅದು ಹಟವೆನಿಸಿಕೊಳ್ಳುತ್ತದೆ. ಮಗನಾದವನು ಮೊಬೈಲಿನಿಂದ ತಲೆಯೆತ್ತುವುದಿಲ್ಲ.

ಇದು ಲೋಧಿ ಕಾಲೋನಿಯಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ. ಮುಂಬಯಿ, ಪುಣೆ, ಚೆನ್ನೈಗಳಲ್ಲಿ ನೆಲೆಸಿದ ನಮ್ಮ ಓದುಗರು ತಮ್ಮ ಮನೆಗಳನ್ನೇ ಇದರಲ್ಲಿ ಕಂಡಾರು. ಇದು ಅತ್ತೆ ಸೊಸೆಯರ ಒಳಜಗಳ, ಪತ್ರಿಕೆಯ ಸಂಪಾದಕೀಯಕ್ಕೆ ತಕ್ಕ ವಿಷಯವಲ್ಲ ಎಂದು ಕೆಲವರು ಹೇಳಬಹುದು. ಆದರೆ ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಸಮಾಜದಲ್ಲಿ, ಮಾತೇ ಬಾರದ ಜೀವಿಯ ಆಹಾರದ ಪ್ರಶ್ನೆ ಯಾರ ಒಳಜಗಳವೂ ಆಗಲಾರದು.

ಮೊದಲು ಹಿರಿಯರಿಗೆ ಸಲ್ಲಬೇಕಾದ ನ್ಯಾಯ ಸಲ್ಲಲಿ. ಅವರ ಮಾತಿನಲ್ಲಿ ಕೇಡಿಲ್ಲ, ಕಳವಳವಿದೆ. ಅವರು ತಾಯಂದಿರಾದ ಕಾಲದಲ್ಲಿ ಬಣ್ಣದ ಡಬ್ಬಿಯ ಮೇಲಿನ ಗುಂಡು ಮಗುವಿನ ಚಿತ್ರವೇ ಆರೋಗ್ಯದ ಲಕ್ಷಣವಾಗಿತ್ತು. ಪುಡಿಹಾಲು ಪಟ್ಟಣದ ಅನುಕೂಲಸ್ಥರ ಗುರುತಾಗಿತ್ತು. ಈ ಪ್ರಚಾರದಿಂದ ಶಿಶುಗಳಿಗಾದ ಹಾನಿಯನ್ನು ಕಂಡೇ ವಿಶ್ವ ಆರೋಗ್ಯ ಸಂಸ್ಥೆಯ ಸಭೆ 1981ರಲ್ಲಿ ಅಂತರರಾಷ್ಟ್ರೀಯ ಸಂಹಿತೆಯೊಂದನ್ನು ಅಂಗೀಕರಿಸಿತು. ನಮ್ಮ ಸಂಸತ್ತು 1992ರಲ್ಲಿ ಶಾಸನ ಮಾಡಿ, 2003ರಲ್ಲಿ ಅದನ್ನು ಬಿಗಿಗೊಳಿಸಿತು. ಎರಡು ವರ್ಷದೊಳಗಿನ ಮಕ್ಕಳ ಪುಡಿಹಾಲು, ಶಿಶು ಆಹಾರ, ಹಾಲಿನ ಬಾಟಲಿಗಳ ಜಾಹೀರಾತನ್ನೂ ತಾಯಂದಿರಿಗೆ ಉಚಿತ ಮಾದರಿ ಹಂಚುವುದನ್ನೂ ಆ ಕಾಯಿದೆ ನಿಷೇಧಿಸಿದೆ. ಜಾಹೀರಾತು ನಿಂತರೂ ಅದು ಬಿತ್ತಿದ ಅಪನಂಬಿಕೆ ಮನೆಗಳಲ್ಲಿ ಉಳಿದುಕೊಂಡಿದೆ. ಅತ್ತೆಯ ಬಾಯಲ್ಲಿ ಬರುವುದು ಅವರದೇ ಮಾತೆಂದು ಸೊಸೆ ನೊಂದುಕೊಳ್ಳಬೇಕಾಗಿಲ್ಲ. ಅದರಲ್ಲಿ ಅರ್ಧ ಮಾರುಕಟ್ಟೆಯ ಮಾತು.

ಇನ್ನು ಆ ಮಾತುಗಳ ಸತ್ಯಾಸತ್ಯತೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಆರಂಭಿಸಬೇಕು. ಆರು ತಿಂಗಳವರೆಗೆ ನೀರನ್ನೂ ಕೊಡದೆ ಎದೆಹಾಲನ್ನಷ್ಟೇ ಉಣಿಸಬೇಕು. ಬಳಿಕ ಬೇರೆ ಆಹಾರದೊಡನೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಮುಂದುವರಿಸಬೇಕು. ಇದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎದೆಹಾಲಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ನೀರೇ ಇರುವುದರಿಂದ ದೆಹಲಿಯ ಬೇಸಿಗೆಯಲ್ಲಿಯೂ ಕೂಸಿಗೆ ಬೇರೆ ನೀರು ಬೇಡ. ನೀರು ಬೇಕಾದದ್ದು ಉಣಿಸುವ ತಾಯಿಗೆ. "ಹಾಲು ಸಾಲದು" ಎಂಬುದರ ಹಿಂದೆ ಒಂದು ವಿಷಚಕ್ರವಿದೆ. ಕೂಸು ಎಷ್ಟು ಬಾರಿ ಚೀಪುತ್ತದೆಯೋ ಅಷ್ಟು ಹಾಲು ಉತ್ಪತ್ತಿಯಾಗುತ್ತದೆ. ಬಾಟಲಿಯಿಂದ ಹೊಟ್ಟೆ ತುಂಬಿದ ಕೂಸು ಎದೆಯನ್ನು ಕಡಿಮೆ ಚೀಪುತ್ತದೆ, ಹಾಲು ಇಳಿಯುತ್ತದೆ, ಆಗ "ನಾವು ಹೇಳಲಿಲ್ಲವೆ?" ಎಂಬ ಮಾತು ನಿಜವಾಗಿಬಿಡುತ್ತದೆ. ಅಳುವೆಲ್ಲವೂ ಹಸಿವಲ್ಲ. ದಿನಕ್ಕೆ ಎಂಟರಿಂದ ಹನ್ನೆರಡು ಬಾರಿ ಉಣ್ಣುವುದು ಹಸುಗೂಸಿಗೆ ಸಹಜ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಬಾರಿಯಾದರೂ ಮೂತ್ರ ಮಾಡುತ್ತಿದ್ದರೆ, ಎರಡು ವಾರಗಳ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ಮರಳಿ ಮುಂದೆ ಏರುತ್ತಿದ್ದರೆ ಹಾಲು ಸಾಲುತ್ತಿದೆಯೆಂದೇ ತಿಳಿಯಬೇಕು. ಹಾಗಿಲ್ಲದಿದ್ದರೆ ವೈದ್ಯರ ಬಳಿ ಹೋಗಬೇಕೇ ಹೊರತು ಡಬ್ಬಿಯ ಅಂಗಡಿಗಲ್ಲ.

ಅಲ್ಪವಾದದ್ದು ಸಾಲದು ಎಂಬ ಭ್ರಮೆಗೆ ನಮ್ಮ ಪರಂಪರೆ ಎಂದೋ ಉತ್ತರ ಕೊಟ್ಟಿದೆ. ಶ್ರವಣಬೆಳಗೊಳದಲ್ಲಿ ಚಾವುಂಡರಾಯನು ಕೊಡಗಟ್ಟಲೆ ಹಾಲನ್ನು ಸುರಿದರೂ ಗೊಮ್ಮಟನ ಮೂರ್ತಿ ಪೂರ್ತಿ ನೆನೆಯಲಿಲ್ಲ. ಬಡ ಮುದುಕಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ತುಸು ಹಾಲು ಮುಡಿಯಿಂದ ಅಡಿಯವರೆಗೆ ಹರಿಯಿತೆಂಬ ಐತಿಹ್ಯವನ್ನು ಅರಿಯದ ಜೈನ ಮಗುವಿಲ್ಲ. ಆ ಗುಳ್ಳಕಾಯಜ್ಜಿಯ ಮೂರ್ತಿ ಇಂದಿಗೂ ಬಾಹುಬಲಿಗೆ ಎದುರಾಗಿ ನಿಂತಿದೆ. ಹೆರಿಗೆಯಾದ ಮೊದಲೆರಡು ದಿನ ಬರುವ ಹಳದಿ ಬಣ್ಣದ ಗಿಣ್ಣುಹಾಲೂ ಚಮಚೆಗಳಲ್ಲಿ ಅಳೆಯುವಷ್ಟೇ. ರೋಗನಿರೋಧಕ ಅಂಶಗಳು ಹೇರಳವಾಗಿರುವುದು ಅದರಲ್ಲಿಯೇ. ಅದನ್ನು ಹಿಂಡಿ ಚೆಲ್ಲಿ ಸಕ್ಕರೆನೀರು ನೆಕ್ಕಿಸುವ ಮನೆಗಳು ಅಜ್ಜಿಯ ಗುಳ್ಳಕಾಯಿಯನ್ನು ಮತ್ತೆ ಬದಿಗೆ ತಳ್ಳುತ್ತಿವೆ. ಈ ವಿಳಂಬ ದೇಶದಲ್ಲೆಲ್ಲ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಪಡೆದ ಮಕ್ಕಳು ಶೇಕಡಾ 41.8 ಮಾತ್ರ, ಆರು ತಿಂಗಳೊಳಗಿನ ಮಕ್ಕಳಲ್ಲಿ ಎದೆಹಾಲನ್ನಷ್ಟೇ ಉಣ್ಣುತ್ತಿದ್ದವರು ಶೇಕಡಾ 63.7.

ಧರ್ಮದ ಹೆಸರಿನಲ್ಲಿ ಬರುವ ಆಕ್ಷೇಪಗಳನ್ನು ಧರ್ಮದ ಬೆಳಕಿನಲ್ಲಿಯೇ ನೋಡಬೇಕು. ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರ ಹೇಳುವ ಐದು ಅತಿಚಾರಗಳಲ್ಲಿ ಕಡೆಯದು ಅನ್ನಪಾನನಿರೋಧ. ತನ್ನನ್ನು ಆಶ್ರಯಿಸಿದ ಜೀವಿಗೆ ಸಲ್ಲಬೇಕಾದ ಆಹಾರ ನೀರನ್ನು ತಡೆಯುವುದು ಹೊಡೆತ, ಕಟ್ಟುಗಳ ಸಾಲಿನಲ್ಲಿಯೇ ನಿಲ್ಲುವ ದೋಷ. ಕೊಟ್ಟಿಗೆಯ ಹಸುವನ್ನು ಕುರಿತು ಇದನ್ನು ಶ್ರದ್ಧೆಯಿಂದ ಪಾಲಿಸುವ ನಾವು ತೊಟ್ಟಿಲ ಕೂಸನ್ನು ಮರೆಯುವುದುಂಟೆ?

ಹಾಲೂಡಿಸುವ ತಾಯಿ ಮುನಿಗಳಿಗೆ ಆಹಾರದಾನ ಮಾಡುವಂತಿಲ್ಲ ಎಂಬ ಮಾತನ್ನು ಮುಂದೊಡ್ಡಿ ಆಕೆಯನ್ನು ಅಶುಚಿಯೆಂಬಂತೆ ದೂರವಿಡುವುದು ಕೆಲವೆಡೆ ಇದೆ. ಮೂಲಗ್ರಂಥ ಹೇಳುವುದೇನು? ಮೂಲಾಚಾರದ ಪಿಂಡಶುದ್ಧಿಯ ಭಾಗದಲ್ಲಿ ದಾಯಕದೋಷಗಳನ್ನು ಎಣಿಸುವಾಗ, ಹಾಲು ಕುಡಿಯುತ್ತಿರುವ ಮಗುವನ್ನು ಬಿಡಿಸಿ ಕೆಳಗಿಟ್ಟು ಬಂದವಳಿಂದ ಮುನಿಯು ಆಹಾರ ಸ್ವೀಕರಿಸಬಾರದೆಂದಿದೆ. ಶ್ವೇತಾಂಬರರ ದಶವೈಕಾಲಿಕದಲ್ಲಿಯೂ ಇದೇ ನಿಯಮವಿದ್ದು, ಅಲ್ಲಿ ಮಗು ಅಳುತ್ತಿರುವುದನ್ನು ಕೂಡ ಹೇಳಿದೆ. ನಮ್ಮ ಓದಿನಂತೆ ಇಲ್ಲಿ ತಾಯಿ ಮೈಲಿಗೆಯವಳೆಂಬ ಸೂಚನೆಯಿಲ್ಲ. ಕೂಸಿನ ಊಟವನ್ನು ತಡೆದ ಕೈಯ ತುತ್ತು ಮುನಿಗೂ ಬೇಡವೆಂಬ ದಯೆಯಿದೆ. ಮಹಾವ್ರತಿಗಳ ಆಹಾರಕ್ಕಿಂತ ಮೊದಲು ಎದೆಗೂಸಿನ ಆಹಾರವನ್ನು ಇರಿಸಿದ ಧರ್ಮ ನಮ್ಮದು. ಹಾಗಿರುವಾಗ ಅತಿಥಿಗಳ ಕಾಫಿಗೋ ಪೂಜೆಯ ಮುಹೂರ್ತಕ್ಕೋ ತಾಯಿಯನ್ನು ಎಬ್ಬಿಸುವುದಕ್ಕೆ ಯಾವ ಆಧಾರವಿದೆ?

ವ್ರತೋಪವಾಸಗಳ ಮಾತೂ ಇಷ್ಟೇ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ "ಒಂದು ಏಕಾಶನವನ್ನಾದರೂ ಮಾಡು" ಎಂದು ಬಾಣಂತಿಯನ್ನು ಒತ್ತಾಯಿಸುವುದು, ರಾತ್ರಿ ಮೂರು ಬಾರಿ ಎದ್ದು ಹಾಲೂಡಿಸುವವಳು ನೀರು ಕುಡಿದರೆ ಹುಬ್ಬು ಗಂಟಿಕ್ಕುವುದು ಧರ್ಮಪ್ರಭಾವನೆಯಲ್ಲ. ಅದೇ ಮಾಸದಲ್ಲಿ ನಾವು ಭಾವಿಸುವ ಷೋಡಶಕಾರಣ ಭಾವನೆಗಳಲ್ಲಿ ಶಕ್ತಿತಸ್ತ್ಯಾಗ, ಶಕ್ತಿತಸ್ತಪ ಎಂಬ ಎರಡಿವೆ. ತ್ಯಾಗವೂ ತಪಸ್ಸೂ ಶಕ್ತಿಯನ್ನರಿತು ನಡೆಯಬೇಕೆಂಬುದೇ ಅವುಗಳ ಅರ್ಥ. ತನ್ನ ಶಕ್ತಿಯನ್ನು ಅಳೆಯುವ ಅಧಿಕಾರ ವ್ರತ ಮಾಡುವವಳದು, ನೋಡುವವರದಲ್ಲ.

ರಾಜ್ಯದ ಕಾನೂನು ಈ ವಿಷಯದಲ್ಲಿ ನಮ್ಮ ಮನೆಗಳಿಗಿಂತ ಮುಂದೆ ಸಾಗಿದೆ. ಆಸ್ಪತ್ರೆಯಿಂದ ಕಳುವಾದ ಶಿಶುವನ್ನು ಹೆತ್ತ ತಾಯಿಗೆ ಒಪ್ಪಿಸುವ ಪ್ರಕರಣವೊಂದರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು 2021ರ ಸೆಪ್ಟೆಂಬರಿನಲ್ಲಿ, ಎದೆಹಾಲೂಡಿಸುವುದು ತಾಯಿಯಿಂದ ಬೇರ್ಪಡಿಸಲಾಗದ ಹಕ್ಕು, ಸಂವಿಧಾನದ 21ನೆಯ ವಿಧಿಯ ರಕ್ಷಣೆ ಅದಕ್ಕಿದೆ, ಹಾಲುಣ್ಣುವ ಶಿಶುವಿನ ಹಕ್ಕೂ ಅದರೊಡನೆ ಬೆಸೆದಿದೆ ಎಂದು ಹೇಳಿತು. 2025ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಸಾರ್ವಜನಿಕ ಕಟ್ಟಡಗಳಲ್ಲಿ ಹಾಲೂಡಿಸುವ ಕೊಠಡಿಗಳ ಬಗ್ಗೆ ರಾಜ್ಯಗಳಿಗೆ ಸೂಚನೆ ನೀಡಿತು. 1961ರ ಹೆರಿಗೆ ಸೌಲಭ್ಯ ಕಾಯಿದೆ, ಮಗುವಿಗೆ 15 ತಿಂಗಳು ತುಂಬುವವರೆಗೆ ಕೆಲಸದ ನಡುವೆ ದಿನಕ್ಕೆರಡು ಹಾಲೂಡಿಸುವ ಬಿಡುವುಗಳನ್ನು ಕೊಟ್ಟಿತು. 2017ರ ತಿದ್ದುಪಡಿ ಮೊದಲೆರಡು ಮಕ್ಕಳಿಗೆ ರಜೆಯನ್ನು 26 ವಾರಗಳಿಗೆ ಏರಿಸಿ, 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯಗೊಳಿಸಿತು. ಕೇಂದ್ರ ಸರ್ಕಾರದ ನೌಕರಳಿಗೆ 180 ದಿನಗಳ ಹೆರಿಗೆ ರಜೆಯ ಜೊತೆಗೆ ಶಿಶುಪಾಲನಾ ರಜೆಯೂ ಉಂಟು. ಆಫೀಸು ಸೇರಿದ ಮೇಲೆಯೂ ಹಾಲನ್ನು ಹಿಂಡಿ ತಂಪಿನಲ್ಲಿರಿಸಿ ಒಳಲೆಯಿಂದ ಕುಡಿಸಬಹುದು. ಆರು ತಿಂಗಳ ಮುಂಚೆಯೇ ಬಾಟಲಿ ರೂಢಿಸಲೇಬೇಕೆಂಬ ವಾದಕ್ಕೆ ಬುಡವಿಲ್ಲ.

ಆದರೆ ನ್ಯಾಯಾಲಯವು ಮನೆಯ ಪಡಸಾಲೆಗೆ ಬಂದು ಅಮೀನನನ್ನು ನಿಲ್ಲಿಸಲಾರದು. ಅಲ್ಲಿ ಮಾತನಾಡಬೇಕಾದವನು ಗಂಡ. ಕೇಂದ್ರ ನೌಕರನಿಗೆ ಪಿತೃತ್ವ ರಜೆ 15 ದಿನ ಇದೆ. ಅದನ್ನು ನಾಮಕರಣದ ಪತ್ರಿಕೆ ಹಂಚುವುದಕ್ಕೆ ಮೀಸಲಿಡದೆ ರಾತ್ರಿಯ ಪಾಳಿಗೆ ಬಳಸಲಿ. "ಅಮ್ಮಾ, ಇದು ನಾವಿಬ್ಬರೂ ವೈದ್ಯರನ್ನು ಕೇಳಿ ಮಾಡಿದ ತೀರ್ಮಾನ" ಎಂದು ಮಗನೇ ಹೇಳಿದರೆ ಸೊಸೆ ಹಟಮಾರಿಯಾಗುವುದು ತಪ್ಪುತ್ತದೆ. ಮುಂದಿನ ತಪಾಸಣೆಗೆ ಅತ್ತೆಯವರನ್ನೂ ಕರೆದೊಯ್ಯಲಿ; ತೂಕದ ಯಂತ್ರದ ಮುಳ್ಳನ್ನು ಅವರೇ ಕಾಣಲಿ, ಸಂದೇಹವನ್ನು ಅವರೇ ಕೇಳಲಿ. ಎಣ್ಣೆನೀರು, ಬಾಣಂತಿಯ ಅಡಿಗೆ, ಕೂಸನ್ನು ಮಲಗಿಸುವ ಕಲೆ, ಇವುಗಳಲ್ಲಿ ಅವರ ಅನುಭವಕ್ಕೆ ಸಮನಾದದ್ದಿಲ್ಲ. ಆ ಕ್ಷೇತ್ರವನ್ನು ಗೌರವದಿಂದ ಅವರಿಗೆ ಬಿಟ್ಟುಕೊಟ್ಟರೆ ಹಾಲಿನ ವಿಷಯದಲ್ಲಿ ಅವರ ಪಟ್ಟು ತಾನಾಗಿ ಸಡಿಲುತ್ತದೆ. ಮಾವನವರೆದುರು ಹಾಲೂಡಿಸುವ ಸಂಕೋಚವಿದ್ದರೆ ಎರಡು ಕೋಣೆಯ ವಸತಿಯಲ್ಲಿ ಎದ್ದುಹೋಗಬೇಕಾದವರು ಹಿರಿಯ ಗಂಡಸರು, ಬಾಣಂತಿಯಲ್ಲ.

ಸಮಾಜದ ಹೊಣೆಯೂ ಉಂಟು. ಪಂಚಕಲ್ಯಾಣಗಳಿಗೆ ಲಕ್ಷಗಟ್ಟಲೆ ವೆಚ್ಚ ಮಾಡುವ ಸಮಿತಿಗಳು ಬಸದಿಯ ಆವರಣದಲ್ಲಿ, ಸಭಾಭವನದಲ್ಲಿ, ತಾಯಂದಿರಿಗೆಂದು ಫ್ಯಾನು, ಕುರ್ಚಿ, ಕುಡಿಯುವ ನೀರಿರುವ ಒಂದು ಕೋಣೆಯನ್ನು ಮೀಸಲಿಡಲಿ. ಚಪ್ಪಲಿಯ ಸ್ಥಳಕ್ಕೂ ನಕ್ಷೆಯಲ್ಲಿ ಜಾಗವಿರುವಾಗ ಇದು ದುಬಾರಿಯ ಬೇಡಿಕೆಯಲ್ಲ.

ಒಂದು ಎಚ್ಚರಿಕೆಯನ್ನು ಮರೆಯಬಾರದು. ಎಲ್ಲ ತಾಯಂದಿರಿಗೂ ಎದೆಹಾಲೂಡಿಸುವುದು ಸಾಧ್ಯವಾಗುವುದಿಲ್ಲ. ಕಾಯಿಲೆ, ಔಷಧಿ, ಅವಧಿಗೆ ಮುನ್ನ ಹುಟ್ಟಿದ ಮಗು, ಹೆರಿಗೆಯ ನಂತರದ ಮನೋವ್ಯಥೆ, ಕಾರಣಗಳು ಹಲವು. ವೈದ್ಯರ ಸಲಹೆಯಂತೆ ಪುಡಿಹಾಲು ಕೊಡುವ ತಾಯಿಯನ್ನು ಈ ಲೇಖನವನ್ನು ತೋರಿಸಿ ಚುಚ್ಚುವವರು ನಮ್ಮ ಮಿತ್ರರಲ್ಲ. ಉಣಿಸುವವಳನ್ನು ತಡೆಯುವುದೂ ಉಣಿಸಲಾಗದವಳನ್ನು ಹಂಗಿಸುವುದೂ ಒಂದೇ ಹಿಂಸೆಯ ಎರಡು ರೂಪಗಳು.

ಲೋಧಿ ಕಾಲೋನಿಯ ಆ ಮನೆಗೆ ಮರಳೋಣ. ಕೂಸು ಮತ್ತೆ ಅಳುತ್ತದೆ. ಡಬ್ಬಿಯ ಮಾತು ಬರುವ ಮುನ್ನ ಮಗ ಎದ್ದು ಹೆಂಡತಿಗೆ ಒಂದು ಲೋಟ ನೀರು ತಂದುಕೊಡಲಿ, ಅತ್ತೆಯವರು ಬೆನ್ನಿಗೊಂದು ದಿಂಬು ಇರಿಸಲಿ, ಮಾವನವರು ಬಾಗಿಲನ್ನು ಮುಂದೆಳೆದು ಅಂಗಳಕ್ಕೆ ನಡೆಯಲಿ. ಆ ಮನೆಯಲ್ಲಿ ಅಂದು ಅಹಿಂಸಾಣುವ್ರತ ಪಾಲನೆಯಾಯಿತೆಂದು ನಾವು ಧೈರ್ಯವಾಗಿ ಹೇಳಬಹುದು.

ಜಯ ಜಿನೇಂದ್ರ.