ತವರಲ್ಲಿ ಹುಲಿ, ಹೊರಗೆ ಇಲಿ? ಲೆಕ್ಕ ಅಷ್ಟು ಸುಲಭವಲ್ಲ

ದಿಂಡಿಗಲ್ : 'ಅವನು ತವರಲ್ಲಿ ಹುಲಿ ಕಣ್ರೀ, ಹೊರಗೆ ಹೋದರೆ ಇಲಿ.' ಕ್ರಿಕೆಟ್ ಮಾತು ಬಂದಾಗಲೆಲ್ಲ ಟೀ ಅಂಗಡಿಯಲ್ಲಿ ಈ ತೀರ್ಪು ಸಿದ್ಧ. ಟೀ ಅಂಗಡಿಯಲ್ಲಿ ಹೇಳಿದರೆ ನಷ್ಟವಿಲ್ಲ. ಆಯ್ಕೆದಾರರೂ ಹಾಗೇ ಯೋಚಿಸಿದರೆ ಒಬ್ಬ ಬ್ಯಾಟ್ಸ್‌ಮನ್‌ನ ಬದುಕೇ ಮುಗಿಯುತ್ತದೆ.

ತವರೆಂದರೆ ಅನುಕೂಲ ಎನ್ನುವುದೇ ಎಷ್ಟು ನಿಜ? ದಿಂಡಿಗಲ್ ಬಳಿಯ ನತ್ತಂನ ಎನ್‌ಪಿಆರ್ ಕಾಲೇಜು ಮೈದಾನವನ್ನೇ ನೋಡಿ. 2019ರ ಡಿಸೆಂಬರ್‌ನಲ್ಲಿ ಕರ್ನಾಟಕ ಇಲ್ಲಿಗೆ ರಣಜಿ ಆಡಲು ಬಂದಿತ್ತು. ಗೆಲ್ಲಲು 181 ರನ್ ಬೇಕಿದ್ದ ತಮಿಳುನಾಡು 154ಕ್ಕೆ ಆಲೌಟ್! ತಮಿಳುನಾಡಿನ ಪಿಚ್ಚಿನಲ್ಲಿ ಕರ್ನಾಟಕದ ಆಫ್‌ಸ್ಪಿನ್ನರ್ ಕೆ. ಗೌತಮ್ ಪಂದ್ಯದಲ್ಲಿ 14 ವಿಕೆಟ್ ಕಿತ್ತರು. ದಿಂಡಿಗಲ್ ಡ್ರ್ಯಾಗನ್ಸ್ ತಂಡದ್ದೂ ಇದೇ ಕತೆ. 2024ರಲ್ಲಿ ಟಿಎನ್‌ಪಿಎಲ್ ಕಪ್ ಗೆದ್ದದ್ದು ಚೆನ್ನೈನ ಚೆಪಾಕ್‌ನಲ್ಲಿ. 2025ರ ಫೈನಲ್ ನತ್ತಂನಲ್ಲೇ ನಡೆದಾಗ ತಿರುಪ್ಪೂರ್ ಎದುರು 118 ರನ್‌ಗಳಿಂದ ಸೋತರು.

ಇನ್ನು ಬ್ಯಾಟ್ಸ್‌ಮನ್‌ಗಳ ಲೆಕ್ಕಕ್ಕೆ ಬರೋಣ. ಜಿ.ಆರ್. ವಿಶ್ವನಾಥ್ ಅವರ ಟೆಸ್ಟ್ ಸರಾಸರಿ ಭಾರತದಲ್ಲಿ ಸುಮಾರು 47, ಹೊರಗೆ 36. ರಾಹುಲ್ ದ್ರಾವಿಡ್ ಅವರದು ತದ್ವಿರುದ್ಧ. ತವರಲ್ಲಿ 51, ಹೊರಗೆ 53. ಅವರ 36 ಶತಕಗಳಲ್ಲಿ 21 ವಿದೇಶದವು. ಹಾಗಂತ ವಿಶ್ವನಾಥ್ ಅವರನ್ನು ಇಲಿ ಎನ್ನಲು ಬರುತ್ತದೆಯೇ? 1976ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಭಾರತ 403 ರನ್ ಬೆನ್ನಟ್ಟಿ ಗೆದ್ದಾಗ ಅವರು ಹೊಡೆದ 112 ಕೂಡ ಆ 36ರೊಳಗೇ ಇದೆ. (ನಾನು ವಿಶಿ ಪಕ್ಷ, ಒಪ್ಪಿಕೊಳ್ಳುತ್ತೇನೆ.)

ನಮ್ಮ ಕಾಲದ ಜೋಡಿ ಇನ್ನೂ ಸ್ವಾರಸ್ಯ. ಮಯಾಂಕ್ ಅಗರ್‌ವಾಲ್ ಅವರ ನಾಲ್ಕೂ ಟೆಸ್ಟ್ ಶತಕ ಭಾರತದಲ್ಲೇ ಬಂದವು. ಕೆ.ಎಲ್. ರಾಹುಲ್ 2025ರ ಕೊನೆಯವರೆಗೆ ಗಳಿಸಿದ 11ರಲ್ಲಿ ಒಂಬತ್ತು ವಿದೇಶದಲ್ಲಿ. 2016ರ ಚೆನ್ನೈ 199ರ ನಂತರ ತವರಲ್ಲಿ ಇನ್ನೊಂದು ಶತಕಕ್ಕೆ 2025ರ ಅಹಮದಾಬಾದ್‌ವರೆಗೆ ಕಾಯಬೇಕಾಯಿತು. ಇಬ್ಬರೂ ಕರ್ನಾಟಕದ ಪರ ಒಟ್ಟಿಗೆ ಆಡಿ ಬೆಳೆದವರು, ತವರೂ ಒಂದೇ. ವ್ಯತ್ಯಾಸ ಇರುವುದು ಚೆಂಡಿನ ಜೊತೆ. ಇಲ್ಲಿ ಅದು ತಗ್ಗಿ ತಿರುಗುತ್ತದೆ, ಇಂಗ್ಲೆಂಡಿನಲ್ಲಿ ಗಾಳಿಯಲ್ಲೇ ಹೊರಳುತ್ತದೆ, ದಕ್ಷಿಣ ಆಫ್ರಿಕಾದಲ್ಲಿ ಎದೆಗೆ ಬರುತ್ತದೆ. ಯಾರ ಆಟಕ್ಕೆ ಯಾವುದು ಒಗ್ಗುತ್ತದೆಂದು ವಿಳಾಸ ನೋಡಿ ಹೇಳಲಾಗದು.

ಅಮೆರಿಕದ ಬೇಸ್‌ಬಾಲ್‌ನಲ್ಲೂ ಈ ಜಗಳವಿದೆ. ಒಂದು ಮೈಲಿ ಎತ್ತರದ ಡೆನ್ವರ್‌ನಲ್ಲಿ ಗಾಳಿ ತೆಳು, ಹೊಡೆದ ಚೆಂಡು ದೂರ ಹೋಗುತ್ತದೆ. ಅಲ್ಲಿ ಆಡಿದ ಲ್ಯಾರಿ ವಾಕರ್ ಅವರ ಸಾಧನೆಯನ್ನು ಅನೇಕರು ಊರಿನ ಗಾಳಿಯ ಖಾತೆಗೆ ಬರೆದರು. 1997ರಲ್ಲಿ ಹೊಡೆದ 49 ಹೋಮ್‌ರನ್‌ಗಳಲ್ಲಿ 29 ಹೊರಗಿನವು ಎಂಬುದನ್ನು ನೋಡಲಿಲ್ಲ. ಹಾಲ್ ಆಫ್ ಫೇಮ್ ಗೌರವ ಸಿಕ್ಕಿದ್ದು 2020ರಲ್ಲಿ, ಹತ್ತನೇ ಹಾಗೂ ಕೊನೆಯ ಅವಕಾಶದಲ್ಲಿ.

ನಮ್ಮ ಕಂಬಂ ಕಣಿವೆಯ ಕನ್ನಡ ಮನೆಗಳ ಹುಡುಗನನ್ನು ಈಗ ನೆನೆಸಿಕೊಳ್ಳಿ. ಮ್ಯಾಟ್ ಹಾಸಿದ ಪಿಚ್ ಮೇಲೆ ಕಲಿತವನು. ಅಲ್ಲಿ ಚೆಂಡು ಒಂದೇ ಸಮ ಪುಟಿಯುತ್ತದೆ. ಹುಲ್ಲು, ಮಣ್ಣಿನ ಪಿಚ್ಚಿನಲ್ಲಿ ಮೊದಲ ಮೂರು ಪಂದ್ಯ ತಡವರಿಸಿದರೆ ಅದು ಅವನ ಕೈಯ ದೋಷವೇ? ಚೆನ್ನೈನಲ್ಲಿ ಬೆಳೆದವನ ಸರಾಸರಿಯ ಪಕ್ಕ ಇವನದನ್ನು ಇಟ್ಟು ತೂಗುವವರು, ಯಾವ ರನ್ ಯಾವ ಪಿಚ್ಚಿನಲ್ಲಿ ಬಂತೆಂದು ಕೇಳಲೇಬೇಕು. ನತ್ತಂ ಕೂಡ ಅವನಿಗೆ ಪರಸ್ಥಳವೇ. ಬೆಳಗಿನ ಪಂದ್ಯವಿದ್ದರೆ ಹಿಂದಿನ ದಿನವೇ ಕಂಬಂನಲ್ಲಿ ಬಸ್ ಹತ್ತಿ ತೇನಿ, ಬತ್ತಲಗುಂಡು, ದಿಂಡಿಗಲ್ ದಾಟಬೇಕು.