ಎರೆನೆಲದ ಮೇಲೆ ಎರಡು ಗಾಲಿ

ಸಹ್ಯಾದ್ರಿಯ ಹುಲ್ಲುಗಾವಲ ಗುಡ್ಡಗಳ ಮೇಲೆ ನಡೆಯುವ ಬೈಕು, ಜೀಪುಗಳ ಮೋಜಿನ ಸವಾರಿಯನ್ನು ಪ್ರಶ್ನಿಸಿದಾಗಲೆಲ್ಲ ಒಂದು ಸಲಹೆ ಕೇಳಿಬರುತ್ತದೆ. ಉತ್ತರದ ಬಯಲಿನಲ್ಲಿ ಬೇಕಾದಷ್ಟು ಬರಡು ನೆಲ ಬಿದ್ದಿದೆ, ಇವರೆಲ್ಲ ಅಲ್ಲಿಗೆ ಹೋಗಬಾರದೇ ಎಂಬುದು ಆ ಸಲಹೆ. ಸವಾರರು ಹೀಗೆಂದರೆ ಅಚ್ಚರಿಯಿಲ್ಲ. ಕಾಡು, ಹೊಳೆಗಳ ಬಗ್ಗೆ ಕಾಳಜಿಯುಳ್ಳ ಮಲೆನಾಡಿಗರೂ ಇದಕ್ಕೆ ತಲೆದೂಗುವುದು ಮಾತ್ರ ವಿಷಾದದ ಸಂಗತಿ. ತನ್ನ ಮನೆಯ ಕಸವನ್ನು ನೆರೆಯವನ ಅಂಗಳಕ್ಕೆ ಸಾಗಿಸುವುದು ಪರಿಸರ ರಕ್ಷಣೆ ಎನಿಸಲಾರದು.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಜುಲೈ ತಿಂಗಳಲ್ಲಿ ಸಂಚರಿಸುವವರಿಗೆ ಮೈಲುಗಟ್ಟಲೆ ಕಪ್ಪು ನೆಲ ಬರಿದಾಗಿ ಕಾಣುತ್ತದೆ. ಮಲೆನಾಡಿನ ಹಸಿರಿಗೆ ಒಗ್ಗಿದ ಕಣ್ಣು ಅದನ್ನು ಬಂಜರೆಂದೇ ತೀರ್ಮಾನಿಸುತ್ತದೆ. ವಾಸ್ತವದಲ್ಲಿ ಆ ನೆಲ ಆಗ ದುಡಿಯುತ್ತಿರುತ್ತದೆ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ಅದೂ ಬಂದರೆ ಬಂತು. ಆ ನೀರನ್ನು ಮುಂಗಾರಿನಲ್ಲಿ ಬೆಳೆಯಿಲ್ಲದೆ ಮಣ್ಣಿನೊಳಗೆ ಕೂಡಿಟ್ಟು, ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರಿನಲ್ಲಿ ಹಿಂಗಾರಿ ಜೋಳ ಬಿತ್ತುವುದು ಅಲ್ಲಿನ ಒಕ್ಕಲುತನದ ಮೂಲ ಲೆಕ್ಕ. ಡೋಣಿ ನದಿಯ ಬಯಲು ಬೆಳೆದರೆ ಓಣಿಗೆಲ್ಲ ಕಾಳು ಎಂಬ ಅರ್ಥದ ಗಾದೆ ಹುಟ್ಟಿದ್ದು ಈ ಲೆಕ್ಕದಿಂದಲೇ. ವಿಜಯಪುರದಲ್ಲಿ 1930ರ ದಶಕದಲ್ಲೇ ಒಣಬೇಸಾಯದ ಸಂಶೋಧನೆ ಆರಂಭವಾಯಿತು. ಹೊಲವನ್ನು ಚೌಕುಮಡಿಗಳಾಗಿ ಕಟ್ಟಿ ಮಳೆಯನ್ನು ಬಿದ್ದಲ್ಲೇ ಇಂಗಿಸುವ ಕ್ರಮ ಇಂದಿಗೂ ಶಿಫಾರಸಿನಲ್ಲಿದೆ. ಆ ಮಡಿಗಳ ಮೇಲೆ ಒಂದು ಗಾಲಿ ಹಾದರೂ ನೀರಿಗೆ ಹೊಸ ದಾರಿ ತೆರೆದಂತೆ.

ಒಡ್ಡುಗಳ ವಿಷಯ ಇನ್ನೂ ಗಂಭೀರ. ಮುಂಬೈ ಪ್ರಾಂತದ 1942ರ ಭೂ ಅಭಿವೃದ್ಧಿ ಯೋಜನೆಗಳ ಕಾಯಿದೆಯ ಕಾಲದಿಂದ ಈ ಸೀಮೆಯಲ್ಲಿ ಒಡ್ಡು ಹಾಕುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಬರಗಾಲದಲ್ಲಿ ಕೂಲಿಗೆ ಬಂದವರ ಬುಟ್ಟಿ, ಸಲಿಕೆಗಳಿಂದ ಎದ್ದ ಒಡ್ಡುಗಳೂ ಅಲ್ಲಿವೆ. ದುರ್ಗಮ ನೆಲವನ್ನು ಅರಸುವ ಸವಾರನ ಕಣ್ಣಿಗೆ ಒಡ್ಡೆಂದರೆ ಹಾರಲು ಸಿಕ್ಕ ಏರು. ಒಂದೇ ಜಾಗದಲ್ಲಿ ಹತ್ತು ಬೈಕು ಹತ್ತಿ ಇಳಿದರೆ ಅಲ್ಲೊಂದು ಕಚ್ಚು ಬೀಳುತ್ತದೆ. ಮುಂದಿನ ಬಿರುಮಳೆಯಲ್ಲಿ ಮೇಲಿನ ಹೊಲದ ನೀರೆಲ್ಲ ಆ ಕಚ್ಚಿನತ್ತ ನುಗ್ಗಿ, ಒಡ್ಡು ಒಡೆದು, ಕೆಳಗಿನ ಹೊಲದ ಮೇಲ್ಮಣ್ಣು ಹಳ್ಳ ಸೇರುತ್ತದೆ. ಸವಾರ ಆ ಹೊತ್ತಿಗೆ ಬೆಂಗಳೂರಿನಲ್ಲಿರುತ್ತಾನೆ.

ಇಷ್ಟಾದರೂ ಈ ಕ್ರೀಡೆಯನ್ನು ಸಾರಾಸಗಟಾಗಿ ಖಂಡಿಸುವುದು ನ್ಯಾಯವಲ್ಲ. ಅದರೊಳಗೆ ಟ್ರಯಲ್ಸ್ ಎಂಬ ಪ್ರಕಾರವೊಂದಿದೆ. ಸ್ಕಾಟ್ಲೆಂಡಿನಲ್ಲಿ 1909ರಲ್ಲಿ ಆರಂಭವಾದ ಸ್ಪರ್ಧೆಯ ಪರಂಪರೆ ಇದರದು. ಇಲ್ಲಿ ವೇಗಕ್ಕೆ ಬೆಲೆಯಿಲ್ಲ. ಬಂಡೆ, ಕೊರಕಲು, ಮರದ ಬೇರುಗಳ ಕೆಲವೇ ಗಜ ಉದ್ದದ ಒಂದು ಗುರುತಿಸಿದ ತುಣುಕನ್ನು ಕಾಲು ಊರದೆ ದಾಟಬೇಕು. ಒಮ್ಮೆ ಊರಿದರೆ ಒಂದು ದಂಡಾಂಕ, ಎರಡು ಬಾರಿಗೆ ಎರಡು, ಅದಕ್ಕೂ ಹೆಚ್ಚಾದರೆ ಮೂರು, ದಾಟಲಾಗದೆ ಸೋತರೆ ಐದು. ಅತಿ ಕಡಿಮೆ ಅಂಕ ಪಡೆದವನೇ ಗೆದ್ದವನು. 1965ರಲ್ಲಿ ಸ್ಯಾಮಿ ಮಿಲ್ಲರ್ ಸ್ಪೇನಿನ ಹಗುರ ಬುಲ್ಟಾಕೊ ಬೈಕಿನಲ್ಲಿ ಸ್ಕಾಟ್ಲೆಂಡಿನ ಆ ಸ್ಪರ್ಧೆ ಗೆದ್ದ ಮೇಲೆ ಬ್ರಿಟನ್ನಿನ ಭಾರದ ಯಂತ್ರಗಳ ಕಾಲ ಮುಗಿಯಿತು. ಇಂದಿನ ಟ್ರಯಲ್ಸ್ ಬೈಕಿನ ತೂಕ ಸುಮಾರು 70 ಕೆ.ಜಿ. ಕೂರಲು ಆಸನವೇ ಇಲ್ಲವೆನ್ನಬಹುದು, ನಿಂತೇ ಓಡಿಸಬೇಕು. ಹಿಂಗಾಲಿಯ ಗಾಳಿಯ ಒತ್ತಡ ಸುಮಾರು 5 ಪಿಎಸ್‌ಐ. ರಸ್ತೆಯ ಬೈಕಿನಲ್ಲಿ ಇದು 30ರ ಆಸುಪಾಸು ಇರುತ್ತದೆ.

ಮಣ್ಣಿನ ದೃಷ್ಟಿಯಿಂದ ಈ ಕೊನೆಯ ಅಂಕಿಯೇ ಮುಖ್ಯ. ಗಾಲಿ ನೆಲದ ಮೇಲೆ ಹೇರುವ ಒತ್ತಡ ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಆದ್ದರಿಂದ ಸಾಹಸಯಾತ್ರೆಯ ಹೆಸರಿನಲ್ಲಿ ಗುಡ್ಡ ಹತ್ತುವ 190–200 ಕೆ.ಜಿ. ತೂಕದ ಬೈಕಿಗೂ ಈ ಯಂತ್ರಕ್ಕೂ ಹೋಲಿಕೆಯೇ ಸಲ್ಲದು. ಆದರೆ ಹಗುರವಾದ ಮಾತ್ರಕ್ಕೆ ನಿರಪಾಯ ಎನ್ನುವಂತಿಲ್ಲ. ಹಸಿ ಮಣ್ಣು ಗಟ್ಟಿಯಾಗುವುದು ಬಹುಪಾಲು ಮೊದಲ ಸಲದ ತುಳಿತದಲ್ಲೇ. ಗಾಲಿ ನಿಂತಲ್ಲೇ ತಿರುಗಿದರೆ ಮೇಲ್ಪದರ ಹರಿದುಹೋಗುತ್ತದೆ. ಎರೆಮಣ್ಣಿಗೆ ಇದನ್ನು ಸ್ವಲ್ಪಮಟ್ಟಿಗೆ ತಾನೇ ರಿಪೇರಿ ಮಾಡಿಕೊಳ್ಳುವ ಗುಣವಿದೆ. ಬೇಸಗೆಯಲ್ಲಿ ಬಿರಿದು, ಮೇಲ್ಮಣ್ಣನ್ನು ಬಿರುಕಿನೊಳಗೆ ಇಳಿಸಿಕೊಂಡು, ಮಳೆಯಲ್ಲಿ ಉಬ್ಬುವ ಈ ಜೇಡಿ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಉಳಿದದ್ದನ್ನು ಕುಂಟೆ ನೋಡಿಕೊಳ್ಳುತ್ತದೆ. ಶೋಲಾ ಗುಡ್ಡದ ತೆಳುಮಣ್ಣಿಗೆ ಆ ಭಾಗ್ಯವಿಲ್ಲ. 3000 ಮಿ.ಮೀ. ಮೀರಿದ ಮಳೆಯಲ್ಲಿ ಅಲ್ಲಿನ ಗಾಲಿಗುರುತು ಮರುವರ್ಷ ಕಾಲುವೆ, ಅದರ ಮರುವರ್ಷ ಕೊರಕಲು.

ಈ ಚರ್ಚೆಯಲ್ಲಿ ಯಾರೂ ನೆನೆಯದ ಒಂದು ವರ್ಗವಿದೆ. ಪಂದ್ಯ, ಪದಕಗಳಿಲ್ಲದೆ ದಿನನಿತ್ಯ ಟ್ರಯಲ್ಸ್ ನಡೆಸುವವರು ಇಂಡಿಯ ಲಿಂಬೆ ತೋಟದವರು, ಸಿಂದಗಿಯ ಹಾಲಿನವರು. ಹಿಂದೆ ರಾಜದೂತ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ. ಅನಂತರ ಟಿವಿಎಸ್ ಮೊಪೆಡ್, ಹೀರೊ ಹೋಂಡಾ. (ಜಾವಾದ ತವರಾದ ಚೆಕೊಸ್ಲೊವಾಕಿಯ 1970ರ ದಶಕದ ಆರಂಭದಲ್ಲಿ ಆರು ದಿನಗಳ ಅಂತರರಾಷ್ಟ್ರೀಯ ಸ್ಪರ್ಧೆಯನ್ನು ವರ್ಷ ವರ್ಷವೂ ಗೆಲ್ಲುತ್ತಿತ್ತು. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು.) ಹಿಂದೆ ಜೋಳದ ಕಣಿಕೆಯ ಹೊರೆ, ಮುಂದೆ ಲಿಂಬೆಯ ಚೀಲ, ಕೆಳಗೆ ಅಂಟುವ ಎರೆ. ಹದ ಮೀರಿದ ಕೆಸರು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿ ಗಾಲಿಯನ್ನೇ ಕಟ್ಟಿಹಾಕುತ್ತದೆ. ಆದ್ದರಿಂದ ಮಳೆಗಾಲಕ್ಕೆ ಮುಂದಿನ ಮಡ್‌ಗಾರ್ಡ್ ಬಿಚ್ಚಿಡುವವರುಂಟು, ಕೆರೆಯಲು ಕುಡಗೋಲು ಸಿಕ್ಕಿಸಿಕೊಂಡು ಹೋಗುವವರುಂಟು. ಎಲ್ಲಕ್ಕಿಂತ ಮಿಗಿಲಾಗಿ, ಯಾವ ದಿನ ಗಾಡಿಯನ್ನು ರಸ್ತೆಯ ಅಂಚಿಗೆ ನಿಲ್ಲಿಸಿ ನಡೆದೇ ಹೊಲಕ್ಕೆ ಇಳಿಯಬೇಕೆಂಬುದು ಅವರಿಗೆ ಗೊತ್ತು. ಪೇಟೆಯ ಸವಾರ ಕಲಿಯಬೇಕಾದ ಮೊದಲ ಪಾಠ ಇದೇ. ಯಾವ ತರಬೇತಿ ಶಿಬಿರಕ್ಕೂ ಶುಲ್ಕ ಕಟ್ಟಬೇಕಾಗಿಲ್ಲ.

ಯಂತ್ರದ ಆರೈಕೆಯಲ್ಲೂ ತಾಲ್ಲೂಕು ಪೇಟೆಯ ಮೆಕ್ಯಾನಿಕ್ಕನ ಅರಿವು ಸಣ್ಣದಲ್ಲ. ಎರೆಕೆಸರನ್ನು ಹಸಿಯಿದ್ದಾಗ ಉಜ್ಜಿದರೆ ಅದು ಎಲ್ಲೆಡೆ ಮೆತ್ತಿಕೊಳ್ಳುತ್ತದೆ. ಒಣಗಲು ಬಿಟ್ಟರೆ ಜೇಡಿ ಕುಗ್ಗಿ, ಬಿರಿದು, ತಟ್ಟಿದೊಡನೆ ಹಲ್ಲೆಯಾಗಿ ಉದುರುತ್ತದೆ. ಚೈನು ಮಾತ್ರ ಇದಕ್ಕೆ ಹೊರತು: ಗ್ರೀಸಿನೊಡನೆ ಬೆರೆತ ಮಣ್ಣು ಅರೆಯುವ ಕಲ್ಕವಾಗಿ ಹಲ್ಲುಗಳನ್ನು ತಿನ್ನುವುದರಿಂದ ಅದನ್ನು ಅಂದೇ ತೆಗೆಯಬೇಕು. ಬಿರುಸಾದ ನೀರಿನ ಕೊಳವೆ ಹಿಡಿದರೆ ಗಾಲಿಯ ಬೇರಿಂಗಿನೊಳಗೆ ನೀರು ಹೊಕ್ಕು ತುಕ್ಕು ಹಿಡಿಯುತ್ತದೆ. ಬೇಸಗೆಯ ಧೂಳಿಗೆ ಗಾಳಿಸೋಸುಕದ ಸ್ಪಂಜನ್ನು ಮತ್ತೆ ಮತ್ತೆ ತೊಳೆದು, ಎಣ್ಣೆ ಸವರಿ, ಹಿಂಡಿ ಕೂರಿಸಬೇಕು.

ಆದರೆ ಪೇಟೆಯ ಸವಾರನೂ ಹಳ್ಳಿಯ ಮೆಕ್ಯಾನಿಕ್ಕನೂ ಸಮಾನವಾಗಿ ಎಡವುವುದು ಇಲ್ಲೇ. ಸ್ಪಂಜು ತೊಳೆದ ಪೆಟ್ರೋಲು, ಎಂಜಿನ್ನಿನಿಂದ ಇಳಿಸಿದ ಕಪ್ಪು ಎಣ್ಣೆ ಎಲ್ಲಿಗೆ ಹೋಗುತ್ತವೆ? ಬಳಸಿದ ಎಣ್ಣೆ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. 2016ರ ನಿಯಮಗಳಲ್ಲೂ ಅದು ಸೇರಿದೆ. ಅಂಗಡಿಯ ಹಿಂದಿನ ಗಟಾರಕ್ಕೆ ಸುರಿದದ್ದು ಹಳ್ಳ ಹಿಡಿದು ಡೋಣಿಗೋ ಭೀಮೆಗೋ ಸೇರುತ್ತದೆ. ಬಸವನ ಬಾಗೇವಾಡಿಯ ದಕ್ಷಿಣದಲ್ಲಿ, ಆಲಮಟ್ಟಿಯ ಹಿನ್ನೀರು ಬೇಸಗೆಯಲ್ಲಿ ಸರಿದ ಕೆಸರು ದಂಡೆಯ ಮೇಲೆ ಬೈಕು ಇಳಿಸುವ ಆಸೆ ಯಾರಿಗಾದರೂ ಹುಟ್ಟೀತು. ಅದು ನೀರಹಕ್ಕಿಗಳು ಮೇಯುವ ಜಾಗ, ನಿರಾಶ್ರಿತರಾದವರ ಮುಳುಗಿದ ಹೊಲಗಳ ಅಂಚು ಎಂಬುದು ನೆನಪಿರಲಿ.

ಹಾಗಾದರೆ ಎಲ್ಲಿ? ಡಕಾರ್ ರ‍್ಯಾಲಿಯನ್ನು 2015ರಲ್ಲಿ ಪೂರೈಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್, 2019ರಲ್ಲಿ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದ ಐಶ್ವರ್ಯ ಪಿಸ್ಸೆ, ಇಬ್ಬರೂ ಬೆಂಗಳೂರಿನವರು. ಅವರ ಹಾದಿಯಲ್ಲಿ ಹೊರಡುವ ತರುಣರಿಗೆ ಜಾಗವೇ ಇಲ್ಲವೆಂದರೆ ಅವರು ಕದ್ದು ಗುಡ್ಡ ಹತ್ತುತ್ತಾರೆ. ಅಮೆರಿಕದಲ್ಲಿ ಅಧ್ಯಕ್ಷ ನಿಕ್ಸನ್ 1972ರಲ್ಲೇ ಆದೇಶ ಹೊರಡಿಸಿ, ಸಾರ್ವಜನಿಕ ಭೂಮಿಯಲ್ಲಿ ಇಂಥ ವಾಹನಗಳಿಗೆ ಎಲ್ಲಿ ಪ್ರವೇಶವುಂಟು, ಎಲ್ಲಿ ಇಲ್ಲ ಎಂದು ಮಣ್ಣು, ವನ್ಯಜೀವಿಗಳ ಹಿತ ನೋಡಿ ಗುರುತಿಸಬೇಕೆಂದರು. ಹಾನಿ ಕಂಡೊಡನೆ ಮುಚ್ಚುವ ಅಧಿಕಾರವನ್ನು 1977ರಲ್ಲಿ ಕಾರ್ಟರ್ ಸೇರಿಸಿದರು. ಅಂಥ ಗುರುತಿಸುವಿಕೆ ಕರ್ನಾಟಕದಲ್ಲಿ ನಡೆಯುವುದಾದರೆ, ಹಿಂದೆ ಮುದ್ದೇಬಿಹಾಳಕ್ಕೆ ಸೇರಿದ್ದು ಈಗ ತಾನೇ ತಾಲ್ಲೂಕಾಗಿರುವ ತಾಳಿಕೋಟೆಯ ಸುತ್ತಣ ಸುಣ್ಣಕಲ್ಲಿನ ಪರಸಿ ಗಣಿಗಳನ್ನು ಪರಿಶೀಲಿಸಬಹುದು. ಪದರ ಪದರವಾಗಿ ಕಲ್ಲು ಎತ್ತಿದ ಮೇಲೆ ಉಳಿಯುವ ಮೆಟ್ಟಿಲು ಮೆಟ್ಟಿಲಾದ ಬಂಡೆ ಟ್ರಯಲ್ಸ್ ಪ್ರಕಾರಕ್ಕೆ ಹೇಳಿ ಮಾಡಿಸಿದ್ದು. ಕೆಡಲು ಅಲ್ಲಿ ಮಣ್ಣೇ ಉಳಿದಿಲ್ಲ.

ಕೆಲಸ ನಿಂತ ಗಣಿಯ ತಳ ಮಾತ್ರ; ಸುತ್ತಲಿನ ಮಡ್ಡಿಯಲ್ಲ. ಮಡ್ಡಿಯೂ ಖಾಲಿಯಲ್ಲ: ಅದು ಕುರಿಗಾಹಿಗಳ ಹುಲ್ಲು, ನೆಲದಲ್ಲೇ ಮೊಟ್ಟೆಯಿಡುವ ಮರಳುಕೋಳಿ, ನೆಲಗುಬ್ಬಿಗಳ ತಾಣ, ತೋಳದ ಹಾದಿ. ಸ್ಪರ್ಧೆಗೆ ಟ್ರಯಲ್ಸ್ ಬೈಕು, ಟ್ರಯಲ್ಸ್ ಟೈರು ಬಿಟ್ಟು ಬೇರೇನೂ ಬರಕೂಡದು. ಎಣ್ಣೆಯ ಡಬ್ಬಿ ಬಂದಷ್ಟೇ ಮರಳಿ ಹೋಗಬೇಕು, ಲೆಕ್ಕ ಪಂಚಾಯಿತಿಯಲ್ಲಿರಬೇಕು. ಒಪ್ಪಿಗೆ ಜಿಲ್ಲಾ ಕಚೇರಿಯಿಂದ ಇಳಿಯದೆ ಗ್ರಾಮಸಭೆಯಿಂದ ಏರಬೇಕು. ಗಣಿಗುಂಡಿಯ ನೀರು ಕುರಿಗಳಿಗೆ ಬೇಕು ಎಂದು ಏಪ್ರಿಲ್‌ನಲ್ಲಿ ಊರವರು ಹೇಳಿದರೆ ಆ ವರ್ಷ ಸ್ಪರ್ಧೆಯಿಲ್ಲ.