ರೋಡ್ ಬೈಕ್ ಎಲ್ಲಿ ತಯಾರಾಗುತ್ತದೆ? ಪೀಣ್ಯದಲ್ಲಿ ಏಕಾಗುತ್ತಿಲ್ಲ?

ಸೈಕಲ್ ಹಾಗೂ ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ 12ರ ಬದಲು ಶೇ 5ಕ್ಕೆ ಇಳಿಸಲಾಯಿತು. ಶಾಲಾ ಮಕ್ಕಳ ಸೈಕಲ್, ಹಾಲು-ಪತ್ರಿಕೆ ಹಂಚುವವರ ಸೈಕಲ್ ಅಗ್ಗವಾಗುವುದು ಒಳ್ಳೆಯದೇ. ಆದರೆ ಕಳೆದ ಎರಡು ದಶಕಗಳಲ್ಲಿ ಬೆಂಗಳೂರಿನಂತಹ ನಗರಗಳಲ್ಲಿ ಬೆಳೆದು ನಿಂತಿರುವ ಇನ್ನೊಂದು ಮಾರುಕಟ್ಟೆಗೆ ಈ ಇಳಿಕೆಯಿಂದ ಆದ ಲಾಭ ಅಲ್ಪ. ಅದು ರೋಡ್ ಬೈಕ್‌ಗಳ ಮಾರುಕಟ್ಟೆ.

ರೋಡ್ ಬೈಕ್ ಎಂದರೆ ಮೋಟಾರು ಬೈಕಲ್ಲ. ಬಾಗಿದ ಹ್ಯಾಂಡಲ್, ತೆಳು ಟಯರ್, ಹತ್ತು ಕಿಲೋ ಆಸುಪಾಸಿನ ತೂಕದ, ಡಾಂಬರು ರಸ್ತೆಯ ಮೇಲೆ ವೇಗವಾಗಿ ಓಡುವ ಸೈಕಲ್. ಬೆಂಗಳೂರಿನ ಸವಾರರು ಆರಂಭಿಸಿದ ಟೂರ್ ಆಫ್ ನೀಲ್‌ಗಿರೀಸ್ ಯಾತ್ರೆ 2008ರಿಂದ ನಡೆದುಬಂದಿದೆ. ರಜಾದಿನದ ಬೆಳಗಿನ ಜಾವ ನಂದಿ ಬೆಟ್ಟದ ದಾರಿಯಲ್ಲಿ ಹೆಲ್ಮೆಟ್ ತೊಟ್ಟ ಸವಾರರ ಸಾಲನ್ನು ಕಾಣದವರು ವಿರಳ. ಮೊದಲ ವರ್ಷ ಸಾಧಾರಣ ಗೇರ್ ಸೈಕಲ್ ಕೊಂಡವರು ಮರುವರ್ಷ ‘ನಿಜವಾದ’ ರೋಡ್ ಬೈಕ್ ಹುಡುಕತೊಡಗುತ್ತಾರೆ. ಆಗ ಎದುರಾಗುವ ಪ್ರಶ್ನೆ ಎರಡು: ಬೆಲೆ ಎಷ್ಟು, ಇದು ಯಾವ ದೇಶದ್ದು?

ಬೆಲೆಯ ಲೆಕ್ಕ ಸರಳ. ತೈವಾನಿನಿಂದ ಬಂದ ಒಂದು ಸೈಕಲ್ಲಿನ ಬಂದರು ಬೆಲೆ ಒಂದು ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. 2023ರ ಬಜೆಟ್‌ನಲ್ಲಿ ಸೈಕಲ್ ಆಮದು ಸುಂಕ ಶೇ 30ರಿಂದ 35ಕ್ಕೆ ಏರಿತು. 2025ರ ಬಜೆಟ್ ಅದನ್ನು ಶೇ 20ರ ಸುಂಕ ಹಾಗೂ ಶೇ 15ರ ಸೆಸ್ ಎಂದು ವಿಂಗಡಿಸಿತಾದರೂ ಒಟ್ಟು ಹೊರೆ ಹಾಗೇ ಉಳಿಯಿತು. ಹೀಗಾಗಿ ಸುಂಕವೇ 35 ಸಾವಿರ ರೂಪಾಯಿ. 1.35 ಲಕ್ಷದ ಮೇಲೆ ಹಿಂದಿನ ಜಿಎಸ್‌ಟಿ 16,200 ರೂಪಾಯಿ, ಈಗಿನದು 6,750. ಉಳಿತಾಯ 9,450 ರೂಪಾಯಿ. ಅಂದರೆ ಜಿಎಸ್‌ಟಿಯಲ್ಲಿ ಕೈಬಿಟ್ಟದ್ದರ ಮೂರೂವರೆ ಪಟ್ಟಿಗೂ ಹೆಚ್ಚು ಹಣವನ್ನು ಸರ್ಕಾರ ಬಂದರಿನಲ್ಲೇ ವಸೂಲು ಮಾಡಿರುತ್ತದೆ. ದೇಶೀಯ ತಯಾರಿಕೆಗೆ ರಕ್ಷಣೆ ನೀಡುವುದೇ ಈ ಸುಂಕದ ಉದ್ದೇಶ. ಆದರೆ ಉನ್ನತ ದರ್ಜೆಯ ರೋಡ್ ಬೈಕ್ ವಿಷಯದಲ್ಲಿ ರಕ್ಷಿಸಲು ಇಲ್ಲಿ ಏನಿದೆ?

ಎರಡನೆಯ ಪ್ರಶ್ನೆ ಇನ್ನೂ ಜಟಿಲ. ಆಮದು ಸರಕಿನ ಮೇಲೆ ಮೂಲ ದೇಶವನ್ನು ನಮೂದಿಸುವುದು ಕಡ್ಡಾಯ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಆನ್‌ಲೈನ್ ಮಾರಾಟದಲ್ಲೂ ಅದನ್ನು ತೋರಿಸಬೇಕು. ಆದರೆ ಸೈಕಲ್ಲಿನ ಮಟ್ಟಿಗೆ ಆ ಚೀಟಿ ಹೇಳುವುದು ಬಹಳ ಕಡಿಮೆ. ಇಟಲಿ ಅಥವಾ ಅಮೆರಿಕದ ಹೆಸರು ಹೊತ್ತ ಅನೇಕ ಸೈಕಲ್‌ಗಳ ಫ್ರೇಮ್ ರೂಪುಗೊಳ್ಳುವುದು ತೈವಾನ್ ಇಲ್ಲವೇ ಚೀನಾದಲ್ಲಿ. ಅಮೆರಿಕದ ಸ್ಪೆಷಲೈಸ್ಡ್ ಕಂಪನಿಯಲ್ಲಿ ತೈವಾನಿನ ಮೆರಿಡಾ 2001ರಲ್ಲೇ ದೊಡ್ಡ ಪಾಲು ಕೊಂಡುಕೊಂಡಿತು. ಅದರ ಸೈಕಲ್‌ಗಳನ್ನೂ ತಯಾರಿಸುತ್ತದೆ. ಗೇರ್, ಬ್ರೇಕ್ ಜಪಾನಿನ ಶಿಮಾನೊದ್ದಾದರೂ ಆ ಕಂಪನಿ ಸಿಂಗಪುರದಲ್ಲಿ ಕಾರ್ಖಾನೆ ತೆರೆದು ಅರ್ಧ ಶತಮಾನ ಕಳೆದಿದೆ. ಮಲೇಷ್ಯಾ, ಚೀನಾಗಳಲ್ಲೂ ಅದರ ಘಟಕಗಳಿವೆ. ಚೀನಾದ ಸೈಕಲ್‌ಗಳ ಮೇಲೆ ಯುರೋಪ್ 1993ರಿಂದ ಸುರಿತ-ವಿರೋಧಿ ಸುಂಕ ಹೇರುತ್ತಾ ಬಂದ ಕಾರಣ ಜೋಡಣಾ ಘಟಕಗಳು ಬೇರೆ ಬೇರೆ ದೇಶಗಳಿಗೆ ಹರಡಿದ್ದೂ ಉಂಟು. ಕೊನೆಯ ಬೋಲ್ಟ್ ಎಲ್ಲಿ ಬಿಗಿಯಲಾಯಿತು ಎಂಬುದಷ್ಟೇ ಚೀಟಿಯಲ್ಲಿ ಉಳಿಯುತ್ತದೆ.

ಹಾಗಾದರೆ ಗುಣಮಟ್ಟ ಇರುವುದೆಲ್ಲಿ? ಉತ್ತರಕ್ಕೆ ತೈವಾನಿನ ತೈಚುಂಗ್ ನಗರದ ಕಡೆ ನೋಡಬೇಕು. 1972ರಲ್ಲಿ ಹುಟ್ಟಿದ ಜೈಂಟ್ ಕಂಪನಿ ಆರಂಭದಲ್ಲಿ ಮಾಡಿದ್ದು ಪರರ ಹೆಸರಿನ ಸೈಕಲ್‌ಗಳನ್ನೇ. 1980ರಲ್ಲಿ ಅಮೆರಿಕದ ಶ್ವಿನ್ ಕಂಪನಿಯ ಷಿಕಾಗೊ ಕಾರ್ಖಾನೆಯಲ್ಲಿ ಮುಷ್ಕರವಾದಾಗ ಅದರ ಬೇಡಿಕೆ ಜೈಂಟ್‌ನತ್ತ ಹರಿಯಿತು. ಹನ್ನೆರಡು ವರ್ಷಗಳಲ್ಲಿ ಶ್ವಿನ್ ದಿವಾಳಿಯಾಯಿತು, ಜೈಂಟ್ ಸ್ವಂತ ಹೆಸರಿನಲ್ಲಿ ಜಗತ್ತಿಗೆ ಸೈಕಲ್ ಮಾರತೊಡಗಿತು. ಕೂಲಿ ಅಗ್ಗ ಎಂಬುದೊಂದೇ ಇದಕ್ಕೆ ಕಾರಣವಲ್ಲ. ತೈಚುಂಗ್ ಸುತ್ತಮುತ್ತ ಯಂತ್ರೋಪಕರಣ ತಯಾರಕರು, ಚಿಕ್ಕಪುಟ್ಟ ಲೇತ್ ಘಟಕಗಳು, ಅಚ್ಚು ಮಾಡುವವರು, ಲೇಪನ ಮಾಡುವವರು ಒತ್ತೊತ್ತಾಗಿದ್ದರು. ಹಬ್ ಮಾಡುವವನಿಗೂ ಫ್ರೇಮ್ ಬೆಸೆಯುವವನಿಗೂ ನಡುವೆ ಅರ್ಧ ಗಂಟೆಯ ಹಾದಿ. ಅಗ್ಗದ ಸೈಕಲ್ಲುಗಳ ಬೇಡಿಕೆ ಚೀನಾಕ್ಕೆ ಜಾರತೊಡಗಿದಾಗ, 2003ರಲ್ಲಿ, ಬದ್ಧ ಸ್ಪರ್ಧಿಗಳಾಗಿದ್ದ ಜೈಂಟ್ ಮತ್ತು ಮೆರಿಡಾ ಬಿಡಿಭಾಗ ತಯಾರಕರನ್ನು ಜೊತೆಗೂಡಿಸಿ ‘ಎ-ಟೀಂ’ ಎಂಬ ಕೂಟ ಕಟ್ಟಿಕೊಂಡವು. ಟೊಯೊಟಾ ಮಾದರಿಯ ಉತ್ಪಾದನಾ ಶಿಸ್ತನ್ನು ಸಣ್ಣ ಘಟಕಗಳಿಗೂ ಕಲಿಸಿದವು.

ತೈಚುಂಗ್‌ನ ಈ ವರ್ಣನೆಯಲ್ಲಿ ಊರಿನ ಹೆಸರು ಬದಲಿಸಿದರೆ ಅದು ಪೀಣ್ಯದ ವರ್ಣನೆಯೂ ಆದೀತು. ಇಲ್ಲಿನ ಕಥೆ ಆರಂಭವಾಗುವುದು ಪಕ್ಕದ ಜಾಲಹಳ್ಳಿಯಿಂದ. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ನೆರವಿನಿಂದ 1953ರಲ್ಲಿ ಸ್ಥಾಪನೆಯಾದ ಎಚ್‌ಎಂಟಿ ಇಲ್ಲಿ ಲೇತ್‌ಗಳನ್ನು ಮಾಡಿತು, ಬಳಿಕ ಕೈಗಡಿಯಾರವನ್ನೂ ಮಾಡಿತು. ತುಮಕೂರು ರಸ್ತೆಯಲ್ಲಿ 1962ರಲ್ಲಿ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ ಬಂತು. ಅದೇ ಇಂದಿನ ಸಿಎಂಟಿಐ. ರಾಜಾಜಿನಗರದಲ್ಲಿ 1972ರಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ತಲೆಯೆತ್ತಿತು. ಈ ಸಂಸ್ಥೆಗಳಲ್ಲಿ ಪಳಗಿದ ಕೈಗಳು, ಸಾರ್ವಜನಿಕ ಉದ್ದಿಮೆಗಳ ಬೇಡಿಕೆ ಎರಡೂ ಸೇರಿ 1970ರ ದಶಕದಿಂದ ಪೀಣ್ಯವನ್ನು ಬೆಳೆಸಿದವು. 1978ರಲ್ಲಿ ಪೀಣ್ಯ ಕೈಗಾರಿಕಾ ಸಂಘ ರೂಪುಗೊಂಡಿತು. ಇಂದು ನಾಲ್ಕು ಹಂತಗಳಲ್ಲಿ ಹಬ್ಬಿರುವ ಈ ಪ್ರದೇಶದಲ್ಲಿ ವಿಮಾನದ ಭಾಗದಿಂದ ಕವಾಟದವರೆಗೆ, ಮೈಕ್ರಾನ್ ಲೆಕ್ಕದ ನಿಖರತೆಯಲ್ಲಿ ಲೋಹ ಕಡೆಯುವ ಘಟಕಗಳಿವೆ.

ಉತ್ತಮ ಸೈಕಲ್ ಹಬ್ ಎಂದರೇನು? ಅಲ್ಯೂಮಿನಿಯಂ ಸರಳಿನಿಂದ ಕಡೆದ ಒಂದು ಚಿಪ್ಪು, ಬೇರಿಂಗ್ ಕೂರುವ ನಿಖರ ಜಾಗ, ಹದಗೊಳಿಸಿದ ಉಕ್ಕಿನ ಹಲ್ಲುಚಕ್ರ, ಮೇಲೆ ಆನೊಡೈಸಿಂಗ್ ಲೇಪನ. ಕ್ರ್ಯಾಂಕ್ ಎಂದರೆ ಫೋರ್ಜ್ ಮಾಡಿ ಕಡೆದ ಅಲ್ಯೂಮಿನಿಯಂ ತೋಳು. ಇವುಗಳಲ್ಲಿ ಪೀಣ್ಯಕ್ಕೆ ಮೀರಿದ್ದು ಯಾವುದೂ ಇಲ್ಲ. ಕಾರ್ಬನ್ ಫ್ರೇಮ್ ಬೇರೆ ಮಾತು, ಅದಕ್ಕೆ ಬೇಕಾದ ವಸ್ತುವೂ ಅಭ್ಯಾಸವೂ ಬೇರೆ. ಗೇರ್ ಬದಲಿಸುವ ಲಿವರ್‌ಗಳಲ್ಲಿ ಶಿಮಾನೊವನ್ನು ಎದುರಿಸಹೊರಡುವುದು ದುಸ್ಸಾಹಸ. ಆದರೆ ಉಳಿದದ್ದು?

ಉಳಿದದ್ದೂ ಆಗುತ್ತಿಲ್ಲವೆಂದರೆ ದೋಷ ಲೇತ್‌ನದ್ದಲ್ಲ, ಗಿರಾಕಿಯದ್ದು. ಭಾರತದ ಸೈಕಲ್ ಉದ್ಯಮ ಲುಧಿಯಾನ ಮತ್ತು ಚೆನ್ನೈಗಳಲ್ಲಿ ಬೇರೂರಿದೆ. ಅಲ್ಲಿನ ಉತ್ಪಾದನೆಯ ಬಹುಪಾಲು ಅಗ್ಗದ ಉಕ್ಕಿನ ಸೈಕಲ್. ಕರ್ನಾಟಕ ಸರ್ಕಾರವೇ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ವರ್ಷವರ್ಷವೂ ಲಕ್ಷಗಟ್ಟಲೆ ಸೈಕಲ್ ಕೊಂಡು ಹಂಚಿತು. ಕೊರೊನಾ ಕಾಲದಲ್ಲಿ ನಿಂತ ಆ ಯೋಜನೆ ಲಕ್ಷಾಂತರ ಹೆಣ್ಣುಮಕ್ಕಳನ್ನು ಶಾಲೆಗೆ ಮುಟ್ಟಿಸಿದ್ದು ಸಣ್ಣ ಮಾತಲ್ಲ. ಆದರೆ ಅಷ್ಟು ದೊಡ್ಡ ಖರೀದಿ ರಾಜ್ಯದಲ್ಲಿ ಒಂದು ಬಿಡಿಭಾಗ ಉದ್ಯಮವನ್ನು ಹುಟ್ಟುಹಾಕಲಿಲ್ಲ. ಟೆಂಡರ್‌ಗೆ ಬೇಕಾದದ್ದು ಕನಿಷ್ಠ ಬೆಲೆ, ಹಬ್ ಎಲ್ಲಿಯದೆಂದು ಕೇಳುವವರಾರು?

ತೆರಿಗೆಯಲ್ಲೂ ಒಂದು ಗಂಟಿದೆ. ಅಲ್ಯೂಮಿನಿಯಂ, ಉಕ್ಕು ಕೊಳ್ಳುವಾಗ ಶೇ 18 ಜಿಎಸ್‌ಟಿ ತೆರುವ ಸಣ್ಣ ಘಟಕ, ಸೈಕಲ್ ಭಾಗವನ್ನು ಮಾರುವಾಗ ಸಂಗ್ರಹಿಸುವುದು ಶೇ 5. ನಡುವಿನ ಹಣ ಮರುಪಾವತಿಯಾಗಿ ಬರುವವರೆಗೆ ಕಾಯಬೇಕು. ನಾಲ್ಕು ಯಂತ್ರವಿಟ್ಟುಕೊಂಡು ತಿಂಗಳ ಕೊನೆಗೆ ಸಂಬಳ ಹೊಂದಿಸುವವನಿಗೆ ಈ ಕಾಯುವಿಕೆಯೇ ಬಡ್ಡಿಯ ಹೊರೆ. ಗ್ರಾಹಕನಿಗೆ ಸಿಹಿಯಾದ ಇಳಿಕೆ ತಯಾರಕನಿಗೆ ಕಹಿಯಾಗಿರುವುದು ಹೀಗೆ. ಜೊತೆಗೆ, ಲೇಪನ ಘಟಕಗಳ ತ್ಯಾಜ್ಯದ ಸಮಸ್ಯೆಯನ್ನು ಪೀಣ್ಯ ಇನ್ನೂ ಪೂರ್ತಿ ಬಗೆಹರಿಸಿಕೊಂಡಿಲ್ಲ. ಆನೊಡೈಸಿಂಗ್ ಹೆಚ್ಚಿಸುವ ಮೊದಲು ಅದಕ್ಕೂ ಉತ್ತರ ಬೇಕು.

ಇಷ್ಟಕ್ಕೂ ಪೀಣ್ಯ ಸೈಕಲ್ಲಿನ ಉಸಾಬರಿಗೆ ಏಕೆ ಹೋಗಬೇಕು? ವಾಹನಗಳು ವಿದ್ಯುತ್‌ಗೆ ಹೊರಳುತ್ತಿರುವುದರಿಂದ ಎಂಜಿನ್ ಭಾಗಗಳ ಬೇಡಿಕೆ ಮುಂದೆ ಕುಗ್ಗಲಿದೆ. ಪಿಸ್ಟನ್, ಕವಾಟಗಳನ್ನೇ ನಂಬಿದ ಜಾಬ್ ವರ್ಕ್ ಘಟಕಗಳು ಹೊಸ ಕೆಲಸ ಹುಡುಕಲೇಬೇಕು. ಸೈಕಲ್ ಒಂದರಿಂದಲೇ ಅವು ಬದುಕುವುದಿಲ್ಲ ನಿಜ, ಆದರೆ ಇರುವ ಯಂತ್ರದಲ್ಲೇ ಮಾಡಬಹುದಾದ ಹೊಸ ಕೆಲಸಗಳು ಎಷ್ಟಿವೆ?

ಅದಾಗುವವರೆಗೆ ಕೊಳ್ಳುವವನು ಮಾಡಬೇಕಾದ್ದೇನು? ದೇಶದ ಹೆಸರನ್ನು ಬದಿಗಿಟ್ಟು ಭಾಗಗಳನ್ನು ನೋಡುವುದೇ ವಿವೇಕ. ಮೊದಲು ಫ್ರೇಮ್ ಅಳತೆ. ಮೈಗೆ ಹೊಂದದ ಸೈಕಲ್ ಎಷ್ಟೇ ದುಬಾರಿಯಾದರೂ ಬೆನ್ನುನೋವೇ ಗತಿ. ತುಮಕೂರು ರಸ್ತೆಯಂತಹ ಹಾದಿಗೆ 28 ಮಿಲಿಮೀಟರ್ ಅಥವಾ ಇನ್ನೂ ಅಗಲದ ಟಯರ್ ಹಿಡಿಸುವ ಫ್ರೇಮ್ ಲೇಸು. 23ರ ತೆಳು ಟಯರ್ ನಮ್ಮ ಗುಂಡಿಗಳಿಗೆ ಹೇಳಿಸಿದ್ದಲ್ಲ. ಹಿಂದಿನ ಗೇರ್ ತೂಗುವ ಕೊಂಡಿ ಮುರಿದರೆ ಬದಲಿ ಸಿಗುತ್ತದೆಯೇ, ಬಾಟಂ ಬ್ರಾಕೆಟ್ ಸಾಮಾನ್ಯ ಮರೆಯದ್ದೇ ಅಥವಾ ಆ ಕಂಪನಿಗೆ ಮಾತ್ರ ಸೀಮಿತವಾದ ಅಳತೆಯದ್ದೇ ಎಂದು ಅಂಗಡಿಯಲ್ಲೇ ಕೇಳಬೇಕು. ಕ್ಲಾರಿಸ್, ಸೋರಾದಂತಹ ಸಾಮಾನ್ಯ ದರ್ಜೆಯ ಗೇರ್ ಸಾಕು, ಚಕ್ರ ಚೆನ್ನಾಗಿರಲಿ.

ಈ ಆಯ್ಕೆಯ ಸ್ವಾತಂತ್ರ್ಯವೂ ಇಲ್ಲದ ಸವಾರರು ರಾಜ್ಯದಲ್ಲೇ ಇದ್ದಾರೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ದಶಕಗಳಿಂದ ರಾಷ್ಟ್ರಮಟ್ಟದ ಸೈಕ್ಲಿಸ್ಟ್‌ಗಳನ್ನು ಕೊಟ್ಟಿವೆ. ರೈತ ಕುಟುಂಬದಿಂದ ಕ್ರೀಡಾ ವಸತಿನಿಲಯಕ್ಕೆ ಬಂದ ಹುಡುಗ, ಹುಡುಗಿಗೆ ರೋಡ್ ಬೈಕ್ ಹವ್ಯಾಸವಲ್ಲ, ಪದಕ ಮತ್ತು ಕ್ರೀಡಾ ಕೋಟಾದ ನೌಕರಿಯ ದಾರಿ. ಅವರು ಮುರಿದ ಹಬ್‌ಗೆ ಆಮದು ಬೆಲೆ ತೆತ್ತು ವಾರಗಟ್ಟಲೆ ಕಾಯುತ್ತಾರೆ. ಕ್ರೀಡಾ ಇಲಾಖೆ ತನ್ನ ವಸತಿನಿಲಯಗಳ ಹಬ್, ಕ್ರ್ಯಾಂಕ್, ಹ್ಯಾಂಡಲ್ ಸ್ಟೆಮ್‌ಗಳಿಗೆ ಮಾನದಂಡ ನಿಗದಿಪಡಿಸಿ, ಸಿಎಂಟಿಐನಲ್ಲಿ ಪರೀಕ್ಷೆಗೊಳಪಡಿಸಿ, ಮೂರು ವರ್ಷದ ಖರೀದಿ ಭರವಸೆಯೊಂದಿಗೆ ಪೀಣ್ಯದ ಘಟಕಗಳಿಂದ ದರ ಕೇಳಬಹುದು. ಮೊದಲ ಬೇಡಿಕೆ ಕೆಲವು ನೂರರಷ್ಟೇ ಇದ್ದೀತು. ಜೈಂಟ್‌ಗೂ ಮೊದಲು ಬೇಕಾಗಿದ್ದುದು ಬಿಡದೆ ಕೊಳ್ಳುವ ಒಬ್ಬ ಗಿರಾಕಿ.